ನಮ್ಮನೇಲೂ ಇದೇ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ. ನಮ್ಮ ಭಾವ ಇಲ್ಲದ ಹಾಸಿಗೆಗಳ ಮೇಲೆ ಕಾಲು ಚಾಚಿಯೇ ಸಂಸಾರ ಸಾಗಿಸುತ್ತಿದ್ದರು.

ಇದರಲ್ಲಿ ವೇದಾಂತವೇನೂ ಇಲ್ಲ. ಅವರು ದೊಡ್ಡ ಹಾಸಿಗೆ ಅಂಗಡಿಯೊಂದರಲ್ಲಿ ಮಾರಾಟಗಾರರು. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಬೂಟು ಕಳಚಿ, ಕಾಲರ್ ಸರಿಮಾಡಿಕೊಂಡು, ತೋರಿಸಲು ಇಟ್ಟ ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುವುದು ಅವರ ಕೆಲಸ. ಬೇರೆಯವರು ಕೆಲಸದ ಹೊತ್ತಿನಲ್ಲಿ ಮಲಗಿದರೆ ಮೆಮೊ ಬರುತ್ತದೆ, ಇವರು ಎದ್ದರೆ ಬರುತ್ತದೆ. ಮಲಗಿದಲ್ಲಿಂದಲೇ ಅವರ ಭಾಷಣ ಶುರು: "ನೋಡಿ, ಬೆನ್ನು ಎಲ್ಲಿ ಕೇಳುತ್ತೋ ಅಲ್ಲಿ ಎತ್ತುತ್ತೆ. ಸೊಂಟ ಎಲ್ಲಿ ಕೇಳುತ್ತೋ ಅಲ್ಲಿ ಇಳಿಯುತ್ತೆ." ಆಮೇಲೆ ಒಂದು ಸಣ್ಣ, ಸಭ್ಯವಾದ ಗೊರಕೆ. ಗಿರಾಕಿ ಇನ್ನೂ ಅನುಮಾನಿಸಿದರೆ ಕೊನೆಯ ಬಾಣ. ಒಂದೇ ಕಣ್ಣು ತೆರೆದು, ಮನೆಯ ಗುಟ್ಟು ಹೇಳುವವರ ಹಾಗೆ, "ನಮ್ಮನೇಲೂ ಇದೇ" ಎನ್ನುತ್ತಿದ್ದರು.

ಈ ಮಾತನ್ನು ಅವರಿಗೆ ಕಲಿಸಿದವರು ಅಂಗಡಿಯ ಮ್ಯಾನೇಜರ್. "ಗಿರಾಕಿಗೆ ಸ್ಪ್ರಿಂಗಿನ ಲೆಕ್ಕ ಬೇಕಾಗಿಲ್ಲ ಕಣ್ರೀ. ಮಾರೋನು ಮನೇಲಿ ಯಾವುದರ ಮೇಲೆ ಮಲಗ್ತಾನೆ ಅನ್ನೋದು ಬೇಕು" ಎಂಬುದು ಅವರ ಉಪದೇಶ. ಭಾವ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಅವರ ಮಾತುಗಳನ್ನೆಲ್ಲ ಕೂಡಿಸಿದರೆ ನಮ್ಮ ಮಲಗುವ ಕೋಣೆಯಲ್ಲಿ ಆ ಅಂಗಡಿಗಿಂತ ಹೆಚ್ಚು ಹಾಸಿಗೆ ಇರಬೇಕಾಗಿತ್ತು.

ಇದ್ದದ್ದು ಒಂದು. ಅದೂ ಹತ್ತಿಯದು. ಅಕ್ಕನ ಮದುವೆಯಾದಾಗ ನಮ್ಮಮ್ಮ ಹಾಸಿಗೆ ಹೊಲಿಯುವವನ ಮುಂದೆ ಬೆಳಗಿಂದ ಸಂಜೆವರೆಗೆ ಕುಕ್ಕರುಗಾಲಲ್ಲಿ ಕೂತು, "ಇಲ್ಲಿ ಇನ್ನೊಂದು ಹಿಡಿ ತುಂಬು, ಅಲ್ಲಿ ಇನ್ನೊಂದು ಹೊಲಿಗೆ ಹಾಕು" ಎಂದು ಅವನ ಪ್ರಾಣ ತಿಂದು ಮಾಡಿಸಿದ್ದು. ಅಮ್ಮ ಈಗಿಲ್ಲ. ಹಾಸಿಗೆ ಇದೆ. ಎತ್ತಿದರೆ ಎಮ್ಮೆಯಷ್ಟು ಭಾರ. ನಡುವೆ ಎರಡು ತಗ್ಗು, ಒಂದು ಅಕ್ಕನ ಅಳತೆಗೆ, ಇನ್ನೊಂದು ಭಾವನ ಅಳತೆಗೆ. ಭಾವ ತಮ್ಮ ತಗ್ಗಿಗೆ ಇಳಿದರೆಂದರೆ ಮುಗಿಯಿತು, ಮರುಕ್ಷಣವೇ ಗೊರಕೆ. ಅದು ಅಂಗಡಿಯ ಸಭ್ಯ ಗೊರಕೆಯಲ್ಲ. ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ಮುಟ್ಟಿ ಸದ್ದು ಮಾಡುವಂಥದ್ದು.

ಇದು ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂರನೆಯವನು ನಾನು, ಅಕ್ಕನ ತಮ್ಮ. ಆಗ ಕೆಲಸ ಹುಡುಕಿಕೊಂಡು ಅವರ ಮನೆಯಲ್ಲಿದ್ದೆ. ಹಾಲಿನ ಸೋಫಾದ ದಿಂಬುಗಳೇ ನನ್ನ ಹಾಸಿಗೆ. ನಮ್ಮ ಕಟ್ಟಡದ ಮುಕ್ಕಾಲು ಮನೆಯವರು "ನಮ್ಮನೇಲೂ ಇದೇ" ಎಂಬ ಮಾತು ನಂಬಿ ಭಾವನ ಅಂಗಡಿಯಲ್ಲೇ ಹಾಸಿಗೆ ಕೊಂಡಿದ್ದರು. ಆದ್ದರಿಂದ ಯಾರಾದರೂ ಮನೆಗೆ ಬಂದರೆ ಭಾವ ಮೊದಲು ಮಲಗುವ ಕೋಣೆಯ ಬಾಗಿಲು ಮುಚ್ಚಿ, ಆಮೇಲೆ ಹೊರಬಾಗಿಲು ತೆರೆಯುತ್ತಿದ್ದರು. ಎದುರುಮನೆ ಟೀಚರಮ್ಮನಿಗಂತೂ ಇನ್ನೊಂದು ಭರವಸೆಯನ್ನೂ ಕೊಟ್ಟಿದ್ದರು. "ಇದರಲ್ಲಿ ತಿಗಣೆ ಅನ್ನೋದೇ ಇಲ್ಲ ಮೇಡಂ. ಹತ್ತಿದ್ರೂ ಕಾಲು ಜಾರಿ ಬೀಳುತ್ತೆ."

ತಿಗಣೆಗಳಿಗೆ ಈ ಭಾಷಣ ಕೇಳಿಸಿರಲಿಲ್ಲ. ಆ ಬೇಸಿಗೆಯಲ್ಲಿ ಅವು ನಮ್ಮ ಕಟ್ಟಡಕ್ಕೆ ಬಂದವು.

ಮೊದಮೊದಲು ಯಾರೂ ಆ ಹೆಸರು ಎತ್ತಲಿಲ್ಲ. ಲಿಫ್ಟಿನಲ್ಲಿ ನಿಂತವರೆಲ್ಲ ಕೆರೆದುಕೊಳ್ಳುತ್ತಿದ್ದರು, ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಿದ್ದರು. ಟೀಚರಮ್ಮನಿಗೆ ಬೆವರುಸಾಲೆ. ಕೆಳಮನೆಯವರಿಗೆ ಹೊಸ ಸೋಪು ಆಗಿಬರಲಿಲ್ಲ. ನಮ್ಮ ಕಟ್ಟಡದ ಅಧ್ಯಕ್ಷರು ನಿವೃತ್ತ ಜೈಲರ್. ಅವರು ನೆಟ್ಟಗೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲೇ ಹಿಂದಿನಿಂದ ಕೆರೆದುಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಹೆಸರು ಎತ್ತಿದವಳು ಅಕ್ಕ. ಬೆಳಿಗ್ಗೆ ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿ, "ರೀ, ತಿಗಣೆ!" ಎಂದಳು.

"ಶ್! ಮೆಲ್ಲಗೆ!" ಭಾವ ಕಿಟಕಿ ಮುಚ್ಚಿದರು. "ಗೋಡೆಗೂ ಕಿವಿ ಇರುತ್ತೆ."

"ಗೋಡೆಗೆ ಕಿವಿ ಇರ್ಲಿ, ಬಿರುಕಲ್ಲೆಲ್ಲ ತಿಗಣೆ ಇದೆ. ಹಾಸಿಗೆ ತಾರಸಿಗೆ ಒಯ್ದು ಬಿಸಿಲಿಗೆ ಹಾಕಿ."

"ಹಾಸಿಗೆ ಹೊರಗೆ ತೆಗೆದ್ರೆ ಹತ್ತಿದು ಅಂತ ಗೊತ್ತಾಗುತ್ತೆ ಕಣೇ! ನನ್ನ ಮಾತಿಗೆ ಆಮೇಲೆ ಬೆಲೆ ಇರುತ್ತಾ?"

"ಈಗ ಎಷ್ಟಿದೆ?" ಎಂದಳು ಅಕ್ಕ.

ಆದರೆ ಮಾರನೇ ಬೆಳಗಿನ ಹೊತ್ತಿಗೆ ಭಾವನ ಕುತ್ತಿಗೆ, ಕಿವಿ, ಕಣ್ಣಿನ ರೆಪ್ಪೆ ಎಲ್ಲ ಊದಿಕೊಂಡಿದ್ದವು. ಮುಖ ಕಂಡರೆ ಯಾರೋ ಹೊಡೆದು ಕಳಿಸಿದ ಹಾಗಿತ್ತು. ಮಾನಕ್ಕಿಂತ ಮೈ ದೊಡ್ಡದು ಎನಿಸಿತು. ಇಡೀ ಹಾಸಿಗೆಯನ್ನು ಸುತ್ತಿ, ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಕಟ್ಟಿ, ಜನ ಏಳುವ ಮೊದಲೇ ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ನಾನು ಹಿಂದೆ, ಭಾವ ಮುಂದೆ. ಕದ್ದು ಹೆಣ ಸಾಗಿಸುವವರೂ ನಮಗಿಂತ ನಿರಾಳವಾಗಿ ಹೋಗುತ್ತಿದ್ದರೇನೋ. ಮೊದಲ ಮೆಟ್ಟಿಲಿನಲ್ಲೇ ಎದುರುಮನೆ ಟೀಚರಮ್ಮ ಬಾಗಿಲು ತೆರೆದರು.

"ಏನದು?"

"ಹಾಸಿಗೆ ಮೇಡಂ" ಎಂದರು ಭಾವ. ಅಷ್ಟೇ ಹೇಳಿ ಸುಮ್ಮನಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವರು ಮಾರಾಟಗಾರರು. "ಸರ್ವಿಸ್‌ಗೆ" ಎಂದು ಸೇರಿಸಿದರು.

"ಹಾಸಿಗೆಗೆ ಸರ್ವಿಸ್ಸಾ?"

"ವರ್ಷಕ್ಕೊಂದು ಸಲ. ಕಂಪನಿಯವರೇ ಮಾಡಿಕೊಡ್ತಾರೆ. ಒಳಗಿನ ಗಾಳಿ ಬದಲಾಯಿಸ್ತಾರೆ."

"ಅಂಗಡಿಗೆ ಕೆಳಗಿಳಿದು ಹೋಗಬೇಕಲ್ವಾ? ನೀವು ಮೇಲೆ ಹೋಗ್ತಿದ್ದೀರಿ?"

ನಾನು ಹಿಂದಿನಿಂದ ಹಾಸಿಗೆ ತಳ್ಳಿದೆ. ಭಾವ ಒಂದು ಮೆಟ್ಟಿಲು ಹತ್ತಿ ನಿಂತು, ಯೋಚಿಸಿ, "ಹಳೇ ಗಾಳಿ ಮೊದಲು ಹೋಗಬೇಕಲ್ಲ ಮೇಡಂ. ಅದಕ್ಕೆ ಎತ್ತರ ಬೇಕು" ಎಂದರು.

ಟೀಚರಮ್ಮ ತಲೆಯಾಡಿಸಿದರು. ಮೂವತ್ತು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹೆಂಗಸು ಇದನ್ನು ನಂಬಿದ್ದೇ ನನಗೆ ಆಶ್ಚರ್ಯ. ಮೈ ತುರಿಸುವಾಗ ಮನುಷ್ಯ ಏನನ್ನಾದರೂ ನಂಬುತ್ತಾನೆ. ನಾವು ಹಾಸಿಗೆಯನ್ನು ತಾರಸಿಯ ನೀರಿನ ಟ್ಯಾಂಕಿನ ಹಿಂದೆ, ಯಾರೂ ಹೋಗದ ಸಂದಿಯಲ್ಲಿ, ನೇರ ಬಿಸಿಲು ಬೀಳುವಲ್ಲಿ ಬಿಟ್ಟು ಬಂದೆವು. ಸಂಜೆಗೆ ತರುವುದೆಂದು ಮಾತಾಗಿತ್ತು. ಸಂಜೆ ತಾರಸಿಯಲ್ಲಿ ಯಾರೋ ಬಟ್ಟೆ ತೆಗೆಯುತ್ತಿದ್ದರು. ಮಾರನೇ ದಿನ ಯಾರೋ ವಾಕಿಂಗ್ ಮಾಡುತ್ತಿದ್ದರು. ಹಾಸಿಗೆ ಅಲ್ಲೇ ಉಳಿಯಿತು.

"ನಮ್ಮಮ್ಮನ ಹಾಸಿಗೇನ ಕಳ್ಳಮಾಲಿನ ಹಾಗೆ ಬಿಸಾಕಿ ಬಂದಿದ್ದೀರಲ್ಲ" ಎಂದು ಅಕ್ಕ ದಿನಾ ಕೇಳುತ್ತಿದ್ದಳು. ಭಾವ ಚಾಪೆಯ ಮೇಲೆ ಹೊರಳಾಡುತ್ತ, "ತರ್ತೀನಿ ಕಣೇ, ತರ್ತೀನಿ" ಎನ್ನುತ್ತಿದ್ದರು. ತಗ್ಗಿಲ್ಲದ ಚಾಪೆಯ ಮೇಲೆ ಅವರಿಗೆ ಒಂದು ರಾತ್ರಿಯೂ ನಿದ್ದೆ ಬರಲಿಲ್ಲ. ಈ ಕಡೆ ಹೊರಳಿದರೆ ನೆಲ, ಆ ಕಡೆ ಹೊರಳಿದರೆ ಅಕ್ಕ. ಯಾವುದು ಹೆಚ್ಚು ಗಟ್ಟಿಯಾಗಿತ್ತೋ ಹೇಳಲಾರೆ.

ಆ ವಾರದ ನಡುವೆ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಭಾವ ಹೊಸದಾಗಿ ಮದುವೆಯಾದ ಜೋಡಿಯೊಂದರ ಮುಂದೆ ಮಲಗಿದ್ದರು. ಕಣ್ಣು ಮುಚ್ಚಿತ್ತು, ಮುಖ ಶಾಂತವಾಗಿತ್ತು, ಕಾಲಿನ ಹೆಬ್ಬೆರಳು ಮಾತ್ರ ಇನ್ನೊಂದು ಕಾಲನ್ನು ಗಾಬರಿಯಿಂದ ಕೆರೆಯುತ್ತಿತ್ತು.

"ಇದರ ಮೇಲೆ ಮಲಗಿದ ಮೇಲೆ ಮೈಯೇ ಮರೆತುಹೋಗುತ್ತೆ" ಎಂದರು ಭಾವ, ಪಕ್ಕೆ ಕೆರೆದುಕೊಳ್ಳುತ್ತ.

"ನಿಮಗೆ ಏನಾದ್ರೂ ಕಚ್ಚುತ್ತಿದೆಯಾ?" ಎಂದಳು ಹುಡುಗಿ.

"ಇಲ್ಲಮ್ಮ, ಇದು ಸುಖದ ಜುಮ್ಮು. ನಮ್ಮನೇಲೂ..."

ಅಷ್ಟರಲ್ಲಿ ಗಾಜಿನ ಬಾಗಿಲು ದೂಡಿಕೊಂಡು ಒಂದು ಹಾಸಿಗೆ ಒಳಗೆ ಬಂತು. ಅದರ ಹಿಂದೆ ಟೀಚರಮ್ಮ. ಅವರ ಹಿಂದೆ ಇನ್ನೊಂದು ಹಾಸಿಗೆ, ಅದರ ಹಿಂದೆ ಕೆಳಮನೆಯವರು. ಹೊರಗೆ ಬೀದಿಯಲ್ಲಿ ತಳ್ಳುಗಾಡಿ, ಅದರ ಮೇಲೆ ಇನ್ನಷ್ಟು ಹಾಸಿಗೆ, ಇನ್ನಷ್ಟು ನಮ್ಮ ಕಟ್ಟಡದವರು.

"ಸರ್ವಿಸ್‌ಗೆ ತಂದಿದೀವಿ!" ಎಂದು ಟೀಚರಮ್ಮ ತರಗತಿಗೆ ಹೇಳುವ ದನಿಯಲ್ಲಿ ಹೇಳಿದರು.

ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ಓಡಿಬಂದರು. "ಯಾವ ಸರ್ವಿಸ್?"

"ವರ್ಷಕ್ಕೊಂದು ಸಲ ಗಾಳಿ ಬದಲಾಯಿಸಿ ಕೊಡ್ತೀರಂತಲ್ಲ."

"ಗಾಳಿನಾ? ಹಾಸಿಗೇಗಾ? ಇದೇನು ಸೈಕಲ್ಲೇನಮ್ಮಾ?"

"ನಮಗೆ ಇಷ್ಟು ವರ್ಷ ಒಂದು ಸಲನೂ ಬದಲಾಯಿಸಿಲ್ಲ. ಒಳಗೆ ಹಳೇ ಗಾಳಿ ಕೊಳೆತು ತಿಗಣೆ ಆಗಿದೆ!"

ತಿಗಣೆ! ಕಟ್ಟಡದಲ್ಲಿ ವಾರವಿಡೀ ಯಾರೂ ನೆರೆಯವರೆದುರು ಆಡದ ಮಾತು ತುಂಬಿದ ಅಂಗಡಿಯಲ್ಲಿ ಬಿದ್ದಿತು. ಅಲ್ಲಿದ್ದ ನಮ್ಮ ಕಟ್ಟಡದವರೆಲ್ಲ ಬಿಡುಗಡೆಯಾದವರಂತೆ, ಯಾರ ಹಂಗೂ ಇಲ್ಲದೆ, ಎರಡೂ ಕೈಯಲ್ಲಿ ಕೆರೆದುಕೊಳ್ಳತೊಡಗಿದರು. ಅದೇ ಹೊತ್ತಿಗೆ ಟೀಚರಮ್ಮನ ಹಾಸಿಗೆಯಿಂದ ಹೊರಟ ಒಂದು ತಿಗಣೆ, ಭಾವ ಮಲಗಿದ್ದ ಬಿಳಿಯ ಹೊದಿಕೆಯ ನಟ್ಟನಡುವೆ, ನೆಂಟರ ಮನೆಗೆ ಬಂದಷ್ಟು ಸಲೀಸಾಗಿ ನಡೆದು ಹೋಯಿತು. ಹೊಸ ಜೋಡಿ ಕಿರುಚಿಕೊಂಡು ಬೀದಿ ಸೇರಿತು.

"ಎಲ್ಲ ತೆಗೆದುಕೊಂಡು ಹೋಗಿ ಹೊರಗೆ!" ಮ್ಯಾನೇಜರ್ ಕೂಗಿದರು. "ನಿಮ್ಮ ಮನೆ ಕೊಳೆನ ತಂದು ನಮ್ಮ ಹಾಸಿಗೆ ಮೇಲೆ ಹಾಕ್ತೀರಾ?"

"ನಮ್ಮ ಮನೆ ಕೊಳೆನಾ? ನಿಮ್ಮ ಹಾಸಿಗೆ ಬರೋ ತನಕ ನಮ್ಮನೇಲಿ ಇರುವೆನೂ ಇರಲಿಲ್ಲ!" ಎಂದರು ಕೆಳಮನೆಯವರು.

"ಕಾಲು ಜಾರಿ ಬೀಳುತ್ತೆ ಅಂದಿದ್ರಿ ನೀವು!" ಎಂದು ಟೀಚರಮ್ಮ ಭಾವನ ಕಡೆ ಬೆರಳು ತೋರಿಸಿದರು. ಭಾವ ಇನ್ನೂ ಮಲಗಿಯೇ ಇದ್ದರು. ಏಳಬೇಕೋ ಬೇಡವೋ ತೋಚದೆ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿದ್ದರು.

"ಏಳ್ರೀ ಮೇಲೆ!" ಎಂದರು ಮ್ಯಾನೇಜರ್.

ಭಾವ ಎದ್ದರು. ಅತ್ತ ಮ್ಯಾನೇಜರ್, ಇತ್ತ ನೆರೆಮನೆಯವರು. ಇಂಥ ಇಕ್ಕಟ್ಟಿನಲ್ಲಿ ಅವರ ಬಾಯಿಗೆ ಗೊತ್ತಿದ್ದದ್ದು ಒಂದೇ ಮಾತು. "ಹಾಸಿಗೆಯದು ತಪ್ಪಿಲ್ಲ ಸರ್. ನಮ್ಮನೇಲೂ ಇದೇ. ಒಂದೇ ಒಂದು ತಿಗಣೆ ಇಲ್ಲ. ಆ ಸರ್ವಿಸ್ಸು ಅಂದ್ರೆ... ನಾನೇ ತಾರಸಿಗೆ ಒಯ್ದು ಬಿಸಿಲು ಕಾಯಿಸ್ತೀನಿ, ಅಷ್ಟೆ."

"ಹಾಗಾದ್ರೆ ತೋರಿಸಿ!" ಎಂದರು ಟೀಚರಮ್ಮ.

"ಹೌದು, ತೋರಿಸಿ" ಎಂದರು ಮ್ಯಾನೇಜರ್. ಅವರ ದನಿ ತಣ್ಣಗಾಗಿತ್ತು, ಅದೇ ಹೆಚ್ಚು ಭಯ. "ಭಾನುವಾರ ನಾನೇ ನಿಮ್ಮ ಕಟ್ಟಡಕ್ಕೆ ಬರ್ತೀನಿ. ಎಲ್ಲರ ಮುಂದೆ ನಿಮ್ಮ ಮನೆ ಹಾಸಿಗೆ ತೋರಿಸಿ. ಅದರಲ್ಲಿ ತಿಗಣೆ ಇಲ್ಲಾಂದ್ರೆ ಅಂಗಡಿ ಮಾನ ಉಳೀತು. ಇದ್ರೆ, ಇವರೆಲ್ಲ ಹಾಸಿಗೆ ವಾಪಸ್ ತರ್ತಾರೆ. ನೀವು ಸೋಮವಾರದಿಂದ ಬರೋದು ಬೇಡ."

ಸುದ್ದಿ ಸಂಜೆಯೊಳಗೆ ಜೈಲರ್ ಅಧ್ಯಕ್ಷರನ್ನು ಮುಟ್ಟಿತು. ಅವರಿಗೆ ನಿವೃತ್ತಿಯ ನಂತರ ಇಷ್ಟು ಉತ್ಸಾಹ ಬಂದದ್ದೇ ಇಲ್ಲ. ಮೆಟ್ಟಿಲ ಬಳಿ ನಿಂತು ಘೋಷಿಸಿದರು: "ಭಾನುವಾರ ಬೆಳಿಗ್ಗೆ ಔಷಧಿ ಹೊಡೆಯೋರು ಬರ್ತಾರೆ. ಮನೆಗಳಿಗೆ ಔಷಧಿ, ಹಾಸಿಗೆಗಳಿಗೆ ತಪಾಸಣೆ. ಪ್ರತಿ ಮನೆ ಹಾಸಿಗೆನೂ ತಾರಸಿಗೆ ಬರಬೇಕು. ಸಾಲಾಗಿ ನಿಲ್ಲಬೇಕು. ತಿಗಣೆ ಮೊದಲು ಯಾರ ಹಾಸಿಗೆಯಿಂದ ಬಂತು ಅನ್ನೋದು ಅವತ್ತೇ ತೀರ್ಮಾನ. ನನ್ನ ಕೈಯಿಂದ ಇವತ್ತಿನವರೆಗೆ ಒಬ್ಬನೂ ತಪ್ಪಿಸಿಕೊಂಡಿಲ್ಲ!"

ಆ ರಾತ್ರಿ ಊಟಕ್ಕೆ ಕೂತಾಗ ಭಾವ ಅನ್ನಕ್ಕೆ ಕೈ ಹಾಕಲಿಲ್ಲ.

"ಎಲ್ಲರ ಮುಂದೆ ನಿಜ ಹೇಳಿಬಿಡಿ" ಎಂದಳು ಅಕ್ಕ. "ನಮ್ಮನೇಲಿರೋದು ಹತ್ತಿದು ಅಂತ."

"ಹೇಳಿದ್ರೆ ಕೆಲಸ ಹೋಗುತ್ತೆ."

"ಹೇಳದೇ ಇದ್ರೆ?"

"ಆಗ್ಲೂ ಹೋಗುತ್ತೆ. ಆದ್ರೆ ಭಾನುವಾರದವರೆಗೆ ಇರುತ್ತೆ."

ಆಮೇಲೆ ಭಾವನಿಗೆ ಒಂದು ಉಪಾಯ ಹೊಳೆಯಿತು. ಅವರಿಗೆ ಉಪಾಯ ಹೊಳೆದಾಗಲೆಲ್ಲ ನಷ್ಟವಾಗುವುದು ಇನ್ನೊಬ್ಬರಿಗೆ. ಅವರು ನನ್ನ ಸೋಫಾ ಕಡೆ ನೋಡಿದರು.

ಅಂಗಡಿಯಿಂದ ಹಾಸಿಗೆಯ ಹೊಸ ಹೊರಕವಚ ಒಂದು ಬಂತು, ಚೈನು ಇದ್ದದ್ದು, ಮೂಲೆಯಲ್ಲಿ ಕಂಪನಿಯ ಹೆಸರಿದ್ದದ್ದು. ಅದರೊಳಗೆ ನನ್ನ ಸೋಫಾದ ನಾಲ್ಕು ದಿಂಬುಗಳನ್ನು ಅಕ್ಕ ಬಿಸಿ ಇಸ್ತ್ರಿಯಿಂದ ಉಜ್ಜಿ ಉಜ್ಜಿ ತುಂಬಿದಳು. ಒಂದು ತಿಗಣೆಯೂ ಬದುಕಲು ಸಾಧ್ಯವಿರಲಿಲ್ಲ. ದೂರದಿಂದ ನೋಡಿದರೆ ಹೊಚ್ಚ ಹೊಸ ಹಾಸಿಗೆ. ಹತ್ತಿರದಿಂದ ನೋಡಿದರೆ ನಾಲ್ಕು ಸಣ್ಣ ಗುಡ್ಡಗಳು. ನನ್ನ ಪಾಲಿಗೆ ಉಳಿದದ್ದು ಸೋಫಾದ ಹಲಗೆ. ಅಮ್ಮನ ಹಾಸಿಗೆ, ಟ್ಯಾಂಕಿನ ಹಿಂದೆ ಯಾರು ಹೋಗಿ ನೋಡುತ್ತಾರೆ ಎಂಬ ಧೈರ್ಯದ ಮೇಲೆ, ಅಲ್ಲೇ ಇತ್ತು.

"ಇದು ನಿಮ್ಮ ಕೊನೇ ಸುಳ್ಳು" ಎಂದಳು ಅಕ್ಕ ಚೈನು ಎಳೆಯುತ್ತ. "ಭಾನುವಾರ ಮುಗಿದ ತಕ್ಷಣ ನಮ್ಮಮ್ಮನ ಹಾಸಿಗೆ ಮನೇಲಿರಬೇಕು. ಅದಕ್ಕೇನಾದ್ರೂ ಆಯ್ತೋ, ಆಮೇಲೆ ನೀವು ಅಂಗಡೀಲೇ ಮಲಗಿ, ಜೀವಮಾನ ಪೂರ್ತಿ."

ಭಾವ ಅವಳ ತಲೆ ಮುಟ್ಟಿ ಆಣೆ ಮಾಡಲು ಕೈ ಚಾಚಿದರು. ದಾರಿಯಲ್ಲಿ ಕಂಕುಳು ತುರಿಸಿತು, ಕೈ ಅಲ್ಲಿಗೆ ಹೋಯಿತು.

ಭಾನುವಾರ ಬೆಳಿಗ್ಗೆ ತಾರಸಿಯ ಗೋಡೆಗೆ ಆನಿಸಿ ಇಡೀ ಕಟ್ಟಡದ ಹಾಸಿಗೆಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಪಕ್ಕ ಅದರ ಮನೆಯವರು. ಜೈಲರ್ ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನ ಹಿಂದೆ ಕೈ ಕಟ್ಟಿ, ಸಾಲಿನ ಉದ್ದಕ್ಕೂ ನಡೆದರು. ಒಂದೆರಡು ಹಾಸಿಗೆಗಳನ್ನು "ನೆಟ್ಟಗೆ!" ಎಂದು ಗದರಿಸಿದರು. ಮ್ಯಾನೇಜರ್ ಕೋಟು ಹಾಕಿಕೊಂಡು ಬಂದಿದ್ದರು. ಅವರ ಕಣ್ಣ ಕೆಳಗೂ ಕಪ್ಪು. ಅಂದಿನ ಒಂದು ತಿಗಣೆಯ ನೆನಪಲ್ಲಿ ಅವರಿಗೂ ನಿದ್ದೆಯಿಲ್ಲವೆಂದು ಭಾವ ಪಿಸುಗುಟ್ಟಿದರು. ಭಾವನಂತೂ ನಿಂತಲ್ಲೇ ತೂಗುತ್ತಿದ್ದರು. ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡಿದ್ದೆ.

ಔಷಧಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ತೆಳ್ಳನೆಯ ರಟ್ಟಿನ ತುಂಡಿನಿಂದ ಹಾಸಿಗೆಗಳ ಹೊಲಿಗೆ ಸಂದುಗಳನ್ನು ಕೆದಕುತ್ತ ಬಂದ.

"ಇದೆ" ಎಂದ, ಕೆಳಮನೆಯವರ ಹಾಸಿಗೆ ನೋಡಿ.

"ಇದೆ" ಎಂದ, ಟೀಚರಮ್ಮನದನ್ನು ನೋಡಿ. "ಬೇಜಾನ್ ಇದೆ."

"ಬೇಜಾನ್ ಅಂತ ಹೇಳೋ ಅಗತ್ಯ ಏನಿತ್ತು?" ಎಂದರು ಟೀಚರಮ್ಮ.

ಅಧ್ಯಕ್ಷರ ಹಾಸಿಗೆಯ ಬಳಿ ಅವನು ಬಗ್ಗಿದಾಗ ಅಧ್ಯಕ್ಷರು ಆಕಾಶ ನೋಡುತ್ತಿದ್ದರು. "ಇದೆ ಸರ್." "ಮುಂದೆ ನಡಿ" ಎಂದರು ಅಧ್ಯಕ್ಷರು.

ನಮ್ಮ ನಾಲ್ಕು ಗುಡ್ಡಗಳ ಹಾಸಿಗೆ ಬಂತು. ಅವನು ಮೂಲೆ ನೋಡಿದ, ಅಂಚು ನೋಡಿದ, ನಡುವೆ ಒತ್ತಿದ. ಅದು ಎರಡು ಕಡೆ ಮಡಚಿಕೊಂಡಿತು. ಅವನು ಹುಬ್ಬೇರಿಸಿದ. ಭಾವನ ಬೆವರು ನನ್ನ ಕೈ ಮೇಲೆ ಬಿತ್ತು.

"ಒಂದೂ ಇಲ್ಲ" ಎಂದ.

"ನೋಡಿದ್ರಾ!" ಮ್ಯಾನೇಜರ್ ಎರಡೂ ಕೈ ಎತ್ತಿದರು. "ಅದೇ ಕಂಪನಿ, ಅದೇ ಹಾಸಿಗೆ, ಒಂದೂ ಇಲ್ಲ! ತಪ್ಪು ಹಾಸಿಗೇದಲ್ಲ, ಮನೆಗಳದ್ದು!"

ನೆರೆಮನೆಯವರ ಮುಖಗಳು ಇಂಗು ತಿಂದ ಮಂಗನ ಹಾಗಾದವು. ಭಾವ ಅಕ್ಕನ ಕಡೆ ನೋಡಿ, ಮುಗೀತು ಎಂಬಂತೆ ಕಣ್ಣು ಮಿಟುಕಿಸಿದರು. ನನಗೂ ನನ್ನ ದಿಂಬುಗಳ ಮೇಲೆ ಹೆಮ್ಮೆ ಬಂತು. ಅಷ್ಟರಲ್ಲಿ ಔಷಧಿಯವನು ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಟ್ಯಾಂಕಿನ ಹಿಂದೆ ಹೋದ.

"ಇಲ್ಲೊಂದು ಉಳಿದಿದೆ!" ಎಂದು ಅಲ್ಲಿಂದ ಕೂಗಿದ.

ಕಪ್ಪು ಪ್ಲಾಸ್ಟಿಕ್ಕಿನ ಸುರುಳಿಯನ್ನು ಎಳೆದು ನಡುವೆ ತಂದು ಬಿಚ್ಚಿದರು. ಒಳಗಿಂದ ಒಲೆಯಂಥ ಕಾವು ಹೊಡೆಯಿತು. ಅಮ್ಮನ ಹಾಸಿಗೆ ಎಲ್ಲರ ಕಣ್ಣೆದುರು ಮೈ ಬಿಚ್ಚಿ ಮಲಗಿತು, ಮಾಸಿದ ಗೀರುಗೀರಿನ ಬಟ್ಟೆ, ತೇಪೆ, ಎರಡು ತಗ್ಗುಗಳ ಸಮೇತ.

"ಇದು ಯಾರದ್ದು?" ಎಂದರು ಅಧ್ಯಕ್ಷರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ಹೆಗಲು ಮಾತ್ರವಲ್ಲ, ಕತ್ತು, ಬೆನ್ನು, ತೊಡೆ ಎಲ್ಲವನ್ನೂ ಮುಟ್ಟಿಕೊಂಡರು. ಅಂದು ಇಡೀ ತಾರಸಿಯೇ ಕೆರೆದುಕೊಳ್ಳುತ್ತಿದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಟೀಚರಮ್ಮ ಮಾತ್ರ ಪ್ಲಾಸ್ಟಿಕ್ ನೋಡಿದರು, ಭಾವನನ್ನು ನೋಡಿದರು, ಬಾಯಿ ತೆರೆದರು.

"ಇದರಲ್ಲೂ ತಿಗಣೆ ಇದೆ" ಎಂದ ಔಷಧಿಯವನು. "ಆದರೆ ಎಲ್ಲ ಸತ್ತಿವೆ. ಬಿಸಿಲಿಗೆ ಹುರಿದುಹೋಗಿವೆ."

"ಸತ್ತಿದ್ರೇನು?" ಅಧ್ಯಕ್ಷರ ಮುಖ ಬೆಳಗಿತು. "ಇಲ್ಲಿಂದ ತಪ್ಪಿಸಿಕೊಂಡು ಹೋದವೇ ನಮ್ಮ ಮನೆಗಳಲ್ಲಿರೋದು! ಯಾರೋ ಹೊರಗಿನವರು ಈ ದರಿದ್ರ ಹಾಸಿಗೆ ತಂದು ಇಲ್ಲಿ ಬಿಸಾಕಿದ್ದಾರೆ. ಮೂಲ ಸಿಕ್ಕಿತು! ನಮ್ಮ ಕಟ್ಟಡದವರದ್ದು ಯಾರದ್ದೂ ತಪ್ಪಿಲ್ಲ."

ಎಲ್ಲರಿಗೂ ಎಂಥ ನೆಮ್ಮದಿ! ಯಾರ ಮನೆಯೂ ಕೊಳಕಲ್ಲ, ಯಾರ ಹಾಸಿಗೆಯೂ ಕೆಟ್ಟದ್ದಲ್ಲ, ಅಂಗಡಿಯ ಮಾನವೂ ಉಳಿಯಿತು. ಟೀಚರಮ್ಮ ತೆರೆದ ಬಾಯಿ ಮುಚ್ಚಿಕೊಂಡರು. ಮ್ಯಾನೇಜರ್ ಅಧ್ಯಕ್ಷರ ಕೈ ಕುಲುಕಿದರು.

"ಕೆಳಗೆ ಒಯ್ದು ಸುಟ್ಟುಬಿಡಿ" ಎಂದರು ಅಧ್ಯಕ್ಷರು.

ನಾನು ಅಕ್ಕನನ್ನು ನೋಡಿದೆ. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಬಿಚ್ಚಿದ ಹಾಸಿಗೆಯ ಒಂದು ಮೂಲೆಯಲ್ಲಿ ಅಮ್ಮ ಹಟ ಮಾಡಿ ಹಾಕಿಸಿದ ಜೋಡಿ ಹೊಲಿಗೆ ಇತ್ತು. ಅದನ್ನೇ ನೋಡುತ್ತಿದ್ದಳು. ಭಾವ ಒಂದು ಮಾತಾಡಿದರೆ ಕೆಲಸ ಹೋಗುತ್ತಿತ್ತು. ಆಡದಿದ್ದರೆ ಹಾಸಿಗೆ ಹೋಗುತ್ತಿತ್ತು, ಅದರ ಜೊತೆ ಅಕ್ಕನ ಕಣ್ಣಲ್ಲಿ ಭಾವನೂ.

"ಸುಡೋಕೆ ಮುಂಚೆ ತಜ್ಞರ ಅಭಿಪ್ರಾಯ ಒಂದಿರ್ಲಿ" ಎಂದರು ಅಧ್ಯಕ್ಷರು. ಜೈಲಿನಲ್ಲಿದ್ದವರು, ಕ್ರಮ ಬಿಡುವವರಲ್ಲ. "ನಾಳೆ ಯಾರೂ ಬಂದು ಕೇಳಬಾರದು."

"ನೋಡ್ರೀ, ಪರೀಕ್ಷೆ ಮಾಡಿ ಹೇಳಿಬಿಡಿ" ಎಂದು ಮ್ಯಾನೇಜರ್ ಭಾವನನ್ನು ಮುಂದೆ ತಳ್ಳಿದರು. "ಮಲಗೋಕೆ ಲಾಯಕ್ಕಿಲ್ಲ ಅಂತ ಒಂದು ಮಾತು."

ಭಾವನಿಗೆ ಹಾಸಿಗೆಯನ್ನು ಪರೀಕ್ಷಿಸುವ ವಿಧಾನ ಗೊತ್ತಿದ್ದದ್ದು ಒಂದೇ. ಅವರು ಬೂಟು ಕಳಚಿದರು. ಕಾಲರ್ ಸರಿಮಾಡಿಕೊಂಡರು. ಅಂಗಾತ ಮಲಗಿ ಕಣ್ಣು ಮುಚ್ಚಿದರು.

"ನೋಡಿ..." ಎಂದರು. ಅಭ್ಯಾಸಬಲ. "ಈ ಹಾಸಿಗೆ... ಬೆನ್ನು ಎಲ್ಲಿ ಕೇಳುತ್ತೋ... ಅಲ್ಲಿ..."

ಮಾತು ಅಲ್ಲಿಗೆ ನಿಂತಿತು. ಆಮೇಲೆ ಒಂದು ಸಣ್ಣ ಗೊರಕೆ.

"ಇದು ನಮ್ಮ ಅಂಗಡೀಲಿ ಮಾಡಿ ತೋರಿಸೋದು" ಎಂದು ಮ್ಯಾನೇಜರ್ ಎಲ್ಲರಿಗೂ ವಿವರಿಸಿದರು. "ಬಹಳ ಚೆನ್ನಾಗಿ ಮಾಡ್ತಾರೆ."

ಎರಡನೆಯ ಗೊರಕೆಗೆ ಮ್ಯಾನೇಜರ್ ಮಾತು ನಿಲ್ಲಿಸಿದ್ದರು. ಮೂರನೆಯದಕ್ಕೆ ನೀರಿನ ಟ್ಯಾಂಕಿನ ಮುಚ್ಚಳ ಕುಣಿಯಿತು. ಭಾವ ನಿದ್ದೆಯಲ್ಲೇ ಮಗ್ಗುಲಾಗಿ, ಮೊಣಕಾಲು ಮಡಚಿ, ಒಂದು ಕೈ ಕೆನ್ನೆಯ ಕೆಳಗಿಟ್ಟುಕೊಂಡು ತಮ್ಮ ತಗ್ಗಿಗೆ ಇಳಿದರು. ಭುಜ ಭುಜದ ಜಾಗಕ್ಕೆ, ಸೊಂಟ ಸೊಂಟದ ಜಾಗಕ್ಕೆ, ಹಿಮ್ಮಡಿ ಹಿಮ್ಮಡಿಯ ಜಾಗಕ್ಕೆ ಕೂತವು. ಎಲ್ಲೂ ಒಂದು ಬೆರಳಷ್ಟು ಹೆಚ್ಚುಕಡಿಮೆ ಇಲ್ಲ. ವಾರವಿಡೀ ಒಂದು ಗಳಿಗೆ ಸುಮ್ಮನಿರದಿದ್ದ ಅವರ ಕೈಕಾಲುಗಳು ಮೊದಲ ಸಲ ಸುಮ್ಮನಾದವು.

ಜೈಲರ್ ಅಧ್ಯಕ್ಷರು ಬಗ್ಗಿ, ಭಾವನನ್ನೂ ತಗ್ಗನ್ನೂ ಸುತ್ತಲೂ ನಡೆದು ನೋಡಿದರು. "ಬೆರಳಚ್ಚು ನೋಡಿದೀನಿ, ಕಾಲಚ್ಚು ನೋಡಿದೀನಿ" ಎಂದರು. "ಆಳಿನ ಅಚ್ಚು ಇದೇ ಮೊದಲು."

ಆಮೇಲೆ ನೇರ ಹೋಗಿ ನಮ್ಮ ಹೊಸ ಹಾಸಿಗೆಯ ಚೈನು ಎಳೆದರು. ನಾಲ್ಕು ದಿಂಬುಗಳು ಒಂದರ ಹಿಂದೊಂದು ಉರುಳಿ ಬಿದ್ದವು.

"ಅಯ್ಯೋ, ಇದು ನಾನು ಇವರ ಮನೆಗೆ ಹೋದಾಗ ಕೂತ್ಕೊಳ್ಳೋ ದಿಂಬು!" ಎಂದರು ಟೀಚರಮ್ಮ. "ನಂಗೆ ಅವತ್ತೇ ಗೊತ್ತಿತ್ತು, ಗಾಳಿಗೆ ಎತ್ತರ ಬೇಕು ಅಂದಾಗ್ಲೇ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಮುಂದೆ ಬಂದು, ಗಂಡನ ಹಣೆಯ ಮೇಲೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದು ಕೂತಳು. "ಹೌದು, ನಮ್ಮದೇ" ಎಂದಳು. "ನಮ್ಮಮ್ಮ ಹೊಲಿಸಿ ಕೊಟ್ಟಿದ್ದು. ಮದುವೆ ಆದಾಗಿಂದ ಇವರು ಇದರ ಮೇಲೇ ಮಲಗೋದು. ಬೇರೆ ಯಾವುದರ ಮೇಲೂ ಇವರಿಗೆ ನಿದ್ದೆ ಬರಲ್ಲ. ಏನು ಮಾಡ್ತೀರೋ ಮಾಡಿ. ಸುಡೋದಾದ್ರೆ ಇವರನ್ನ ಎಬ್ಬಿಸಿ ಸುಡಿ."

ಯಾರೂ ಎಬ್ಬಿಸಲು ಹೋಗಲಿಲ್ಲ. ಅಷ್ಟು ದಿನ ನಿದ್ದೆಗೆಟ್ಟ ಜನ ಅವರು. ಒಬ್ಬ ಮನುಷ್ಯ ಅಂಥ ನಿದ್ದೆ ಮಾಡುವುದನ್ನು ನೋಡಿ, ಹೊಟ್ಟೆಕಿಚ್ಚಿನಿಂದ ಆಕಳಿಸಿದರು. ಆಮೇಲೆ ಎಲ್ಲರ ಕಣ್ಣೂ ಮ್ಯಾನೇಜರ್ ಮೇಲೆ ಬಿತ್ತು. ಕೆಲಸದಿಂದ ತೆಗೆಯಬೇಕಾದವರು ಅವರೇ ತಾನೆ.

ಮ್ಯಾನೇಜರ್ ಮುಖ ಕೆಂಪಾಗಿತ್ತು. ಎರಡು ಹೆಜ್ಜೆ ಮುಂದೆ ಬಂದು ಭಾವನ ಮೇಲೆ ಬಗ್ಗಿದರು. ಈಗ ಕಿರುಚುತ್ತಾರೆ ಎಂದುಕೊಂಡೆ. ಕಿರುಚಲಿಲ್ಲ. ಕಸುಬಿನವರ ಅಭ್ಯಾಸ, ಅಂಗೈಯಿಂದ ಹಾಸಿಗೆಯನ್ನು ಒಂದು ಸಲ ಒತ್ತಿದರು. ಮೂಲೆಯ ಜೋಡಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಇನ್ನೊಂದು ಸಲ ಒತ್ತಿದರು. ಆಮೇಲೆ ಸುತ್ತ ನಿಂತಿದ್ದ ಗಿರಾಕಿಗಳಿಗೆ ಬೆನ್ನು ಹಾಕಿ, ಹಾಸಿಗೆಯ ಅಂಚಿನಲ್ಲಿ ಕೋಟು ಸಮೇತ ಕುಕ್ಕರಿಸಿದರು. ಹತ್ತಿರವಿದ್ದವರು ಅಕ್ಕ ಮತ್ತು ನಾನು, ಇಬ್ಬರೇ.

"ಏನಂತೀರಿ? ಸುಡೋಣ್ವಾ?" ಎಂದು ಅಧ್ಯಕ್ಷರು ದೂರದಿಂದ ಕೇಳಿದರು.

"ಬೇಡ" ಎಂದರು ಮ್ಯಾನೇಜರ್. "ಎದ್ದ ಮೇಲೆ ಇವರಿಗೆ ಹೇಳಿ, ಸೋಮವಾರ ತಡ ಮಾಡಬಾರದು ಅಂತ."

ಆಮೇಲೆ ಅಕ್ಕನ ಕಡೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ನಮ್ಮನೇಲೂ ಇದೇ ಕಣಮ್ಮ."